ಪರಮಾಣುವಿಗೆ ಗುರುತಿಟ್ಟ ವಲಸಿಗ

ತೂಕದಲ್ಲಿ ಏರಿಳಿತವೇ ಇಲ್ಲದ ನಡುವಯಸ್ಸಿನ ಮನುಷ್ಯನೊಬ್ಬ ದಿನವೂ ಉಣ್ಣುವ ಅನ್ನ, ಬೇಳೆ, ತುಪ್ಪ ಎಲ್ಲಿಗೆ ಹೋಗುತ್ತವೆ? ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಶರೀರಶಾಸ್ತ್ರದ ಬಳಿ ಈ ಪ್ರಶ್ನೆಗೆ ಬಹು ಸರಳವಾದ ಉತ್ತರವಿತ್ತು. ದೇಹವೆಂಬುದು ಕಟ್ಟಿ ಮುಗಿದ ಯಂತ್ರ, ಆಹಾರ ಅದರ ಇಂಧನ. ಉಂಡದ್ದರಲ್ಲಿ ಬಹುಪಾಲು ಉರಿದು ಹೊರಬೀಳುತ್ತದೆ. ಯಂತ್ರದ ಸವಕಳಿಯನ್ನು ತುಂಬಲು ಅಲ್ಪ ಭಾಗವಷ್ಟೇ ಸಾಕು. ಅಮೆರಿಕದ ಆಟೋ ಫೋಲಿನ್ 1905ರಲ್ಲಿ ಮೂತ್ರದ ವಿಶ್ಲೇಷಣೆಯನ್ನು ಆಧರಿಸಿ ಪ್ರತಿಪಾದಿಸಿದ ಸಿದ್ಧಾಂತ ಈ ನಂಬಿಕೆಗೆ ಬಲ ಕೊಟ್ಟಿತ್ತು. ಅದನ್ನು ಬುಡಸಮೇತ ಅಲುಗಾಡಿಸಿದವರು ರುಡಾಲ್ಫ್ ಶೋನ್‌ಹೈಮರ್. ಜೀವರಸಾಯನಶಾಸ್ತ್ರದ ಚರಿತ್ರೆಯಲ್ಲಿ ಅವರದು ದೊಡ್ಡ ಹೆಸರು. ಬದುಕು ಮಾತ್ರ ಚಿಕ್ಕದು, ನಲವತ್ತಮೂರು ವರ್ಷ.

1898ರ ಮೇ 10ರಂದು ಬರ್ಲಿನ್ ನಗರದ ಯಹೂದಿ ವೈದ್ಯರ ಮನೆಯಲ್ಲಿ ಹುಟ್ಟಿದ ಶೋನ್‌ಹೈಮರ್, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಸಿಪಾಯಿಯಾಗಿ ದುಡಿದವರು. 1922ರಲ್ಲಿ ವೈದ್ಯ ಪದವಿ ಪಡೆದು ಬರ್ಲಿನ್ನಿನ ಮೊವಾಬಿಟ್ ಆಸ್ಪತ್ರೆಯಲ್ಲಿ ರೋಗವಿಜ್ಞಾನಿಯಾದರು. ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ರಕ್ತನಾಳಗಳು ಪೆಡಸಾಗುವ ಬಗೆಯನ್ನು ಅಭ್ಯಸಿಸಿದ್ದು ಅಲ್ಲಿಯೇ. ರಸಾಯನಶಾಸ್ತ್ರ ತಿಳಿಯದೆ ಈ ರೋಗದ ಮೂಲ ಸಿಗದೆಂದು ಮನಗಂಡು ಲೈಪ್‌ಝಿಗ್‌ಗೆ ತೆರಳಿ ಕಾರ್ಲ್ ಥಾಮಸ್ ಅವರಲ್ಲಿ ಮತ್ತೆ ವಿದ್ಯಾರ್ಥಿಯಾದರು. 1926ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯ ಸೇರಿದರು. ಸಸ್ಯಗಳಲ್ಲಿರುವ ಸ್ಟೆರಾಲ್‌ಗಳನ್ನು ಕರುಳು ಹೀರಿಕೊಳ್ಳುವುದಿಲ್ಲವೆಂದು ತೋರಿಸಿದ್ದು ಆ ವರ್ಷಗಳ ಮುಖ್ಯ ಫಲ. ಇಲಿಗಳ ದೇಹ ಕೊಲೆಸ್ಟರಾಲನ್ನು ತಾನೇ ತಯಾರಿಸುತ್ತದೆ, ತಾನೇ ನಾಶಮಾಡುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಆದರೆ ಈ ಪ್ರಯೋಗಗಳೆಲ್ಲ ಒಳಹೋದದ್ದನ್ನೂ ಹೊರಬಂದದ್ದನ್ನೂ ತೂಗಿ ಕಳೆಯುವ ಲೆಕ್ಕ. ಮಂಡಿಯ ಬಾಗಿಲಲ್ಲಿ ಕುಳಿತು ಮೂಟೆ ಎಣಿಸಿದವನಿಗೆ ಒಳಗಿನ ವಹಿವಾಟು ತಿಳಿಯುವುದು ಹೇಗೆ?

ಒಳಗನ್ನು ನೋಡುವ ಉಪಾಯದ ಸುಳಿವು ಫ್ರೈಬುರ್ಗ್‌ನಲ್ಲೇ ಇತ್ತು. ವಿಕಿರಣಶೀಲ ಸೀಸವನ್ನು ಗುರುತಾಗಿ ಬಳಸಿ, ಗಿಡವೊಂದು ಅದನ್ನು ಹೀರಿ ಸಾಗಿಸುವ ದಾರಿಯನ್ನು 1923ರಲ್ಲಿ ಹಿಂಬಾಲಿಸಿದ್ದ ಗೇಯೋರ್ಗ್ ಹೆವೆಶಿ ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಯೂರಿಯಾ ಉತ್ಪತ್ತಿಯ ಚಕ್ರವನ್ನು 1932ರಲ್ಲಿ ಕಂಡುಹಿಡಿದ ಹಾನ್ಸ್ ಕ್ರೆಬ್ಸ್ ಕೂಡ ಅಲ್ಲಿಯೇ ಇದ್ದರು. ಒಂದು ಸಣ್ಣ ಊರಿನಲ್ಲಿ ಇಷ್ಟು ಪ್ರತಿಭೆ ಕೂಡಿದ್ದು ಅಪರೂಪ. ಅದು ಚದುರಿದ್ದು ಕೂಡ ಅಷ್ಟೇ ಬೇಗ. 1933ರ ಏಪ್ರಿಲ್‌ನಲ್ಲಿ ನಾಜಿ ಸರ್ಕಾರದ ಕಾನೂನು ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಹೊರದಬ್ಬಿತು. ಕ್ರೆಬ್ಸ್ ಕೇಂಬ್ರಿಜ್‌ಗೆ ಹೋದರು, ಮರುವರ್ಷ ಹೆವೆಶಿ ಕೋಪನ್‌ಹೇಗನ್‌ಗೆ. ಶೋನ್‌ಹೈಮರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ದಾರಿ ಹಿಡಿದರು. ಪತ್ನಿ ಸಲೋಮೆ ಭ್ರೂಣವಿಜ್ಞಾನದಲ್ಲಿ ಆಗತಾನೇ ಡಾಕ್ಟರೇಟ್ ಪಡೆದಿದ್ದರು. ಮುಂದೆ ಅಮೆರಿಕದಲ್ಲಿ ತಳಿವಿಜ್ಞಾನಿಯಾಗಿ ಸ್ವತಂತ್ರವಾಗಿಯೇ ಖ್ಯಾತರಾದರು. ಜರ್ಮನಿ ತನ್ನ ವಿಜ್ಞಾನಕ್ಕೆ ತಾನೇ ಮಾಡಿಕೊಂಡ ನಷ್ಟದ ಲೆಕ್ಕ ಹಾಕುವವರು ಐನ್‌ಸ್ಟೈನ್ ಹೆಸರಿನ ಬಳಿಯೇ ನಿಂತುಬಿಡುತ್ತಾರೆ. ಫ್ರೈಬುರ್ಗ್‌ನಂಥ ಊರುಗಳ ಪಟ್ಟಿಯನ್ನೂ ನೋಡಬೇಕು.

ಕೊಲಂಬಿಯಾದಲ್ಲಿ ಅವರನ್ನು ಬರಮಾಡಿಕೊಂಡವರು ಜೀವರಸಾಯನ ವಿಭಾಗದ ಮುಖ್ಯಸ್ಥ ಹಾನ್ಸ್ ಕ್ಲಾರ್ಕ್. ಅದೇ ವಿಶ್ವವಿದ್ಯಾಲಯದ ಹೆರಾಲ್ಡ್ ಯೂರಿ 1931ರಲ್ಲಿ ಭಾರ ಜಲಜನಕವನ್ನು, ಅಂದರೆ ಡ್ಯುಟೀರಿಯಮ್ಮನ್ನು ಕಂಡುಹಿಡಿದು 1934ರಲ್ಲಿ ನೊಬೆಲ್ ಪಡೆದರು. ಯೂರಿಯವರ ಶಿಷ್ಯ ಡೇವಿಡ್ ರಿಟೆನ್‌ಬರ್ಗ್ ಕ್ಲಾರ್ಕ್ ಅವರ ವಿಭಾಗಕ್ಕೆ ಬಂದರು. ವಲಸೆ ಬಂದ ವೈದ್ಯ, ಕೆಲಸ ಹುಡುಕುತ್ತಿದ್ದ ಭೌತರಸಾಯನ ವಿಜ್ಞಾನಿ: ಇಬ್ಬರೂ ಎದುರಾದದ್ದು ಅದೃಷ್ಟವೆಂದೇ ಹೇಳಬೇಕು.

ದೇಹದೊಳಗೆ ಅಣುವೊಂದನ್ನು ಹಿಂಬಾಲಿಸಬೇಕಾದರೆ ಅದಕ್ಕೊಂದು ಗುರುತು ಬೇಕು. ಜರ್ಮನಿಯ ಕ್ನೂಪ್ 1904ರಲ್ಲಿ ಕೊಬ್ಬಿನ ಆಮ್ಲಗಳಿಗೆ ಬೆಂಜೀನ್ ಉಂಗುರವನ್ನು ಜೋಡಿಸಿ ನಾಯಿಗಳಿಗೆ ತಿನ್ನಿಸಿದ್ದರು. ಆದರೆ ಅಂಥ ಅಣು ಸಹಜವಾದುದಲ್ಲ. ದೇಹ ಅದನ್ನು ಪರಕೀಯವೆಂದು ಕಂಡು ಬೇರೆಯಾಗಿಯೇ ನಡೆಸಿಕೊಳ್ಳಬಹುದು. ಭಾರ ಜಲಜನಕದ ಗುಣವೇ ಬೇರೆ. ರಾಸಾಯನಿಕವಾಗಿ ಅದು ಜಲಜನಕವೇ, ತೂಕದಲ್ಲಿ ಮಾತ್ರ ಇಮ್ಮಡಿ. ಹದವಾದ ಪ್ರಮಾಣದಲ್ಲಿ ಬೆರೆಸಿದರೆ ಜೀವಕೋಶಕ್ಕೆ ವ್ಯತ್ಯಾಸ ತಿಳಿಯದು. ವಿಜ್ಞಾನಿಗೆ ತಿಳಿಯುತ್ತದೆ.

1935ರಲ್ಲಿ ಇಬ್ಬರೂ ಅಗಸೆ ಎಣ್ಣೆಗೆ ಡ್ಯುಟೀರಿಯಂ ಸೇರಿಸಿ ಇಲಿಗಳಿಗೆ ತಿನ್ನಿಸಿದರು. ತಿಂದ ಕೊಬ್ಬು ಕೂಡಲೇ ಉರಿದುಹೋಗಬೇಕಿತ್ತು. ಆದರೆ ಅದರ ದೊಡ್ಡ ಪಾಲು ದೇಹದ ಕೊಬ್ಬಿನ ಸಂಗ್ರಹದಲ್ಲಿ ಸಿಕ್ಕಿತು, ಇಲಿಗಳ ತೂಕ ಹೆಚ್ಚದಿದ್ದರೂ! ಅಂದರೆ ಉರಿದದ್ದು ಹಳೆಯ ಕೊಬ್ಬು. ಅದರ ಜಾಗಕ್ಕೆ ಹೊಸದು ಬಂದು ಕುಳಿತಿತ್ತು. ಆಪತ್ಕಾಲಕ್ಕೆಂದು ಕೂಡಿಟ್ಟ ಕಣಜವೆಂದು ಎಲ್ಲರೂ ಭಾವಿಸಿದ್ದುದು ದಿನವೂ ತುಂಬಿ ಬರಿದಾಗುವ ಪಾತ್ರೆಯಾಗಿತ್ತು.

ಪ್ರೋಟೀನಿನ ಸರದಿ ಬಂದಾಗ ಬೇಕಾದದ್ದು ಸಾರಜನಕದ ಗುರುತು. ಯೂರಿ ಸಾರಜನಕ-15 ಎಂಬ ಭಾರವಾದ ಸಮಸ್ಥಾನಿಯನ್ನು ಬೇರ್ಪಡಿಸಿಕೊಟ್ಟರು. ಅದನ್ನು ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ರಾಶಿ ರೋಹಿತಮಾಪಕ ಬೇಕಾಯಿತು. ಕೇಂಬ್ರಿಜ್‌ನ ಜೆ.ಜೆ. ಥಾಮ್ಸನ್ ಬೀಜ ಬಿತ್ತಿ, ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ರೂಪಕೊಟ್ಟ ಉಪಕರಣದ ವಂಶದ ಯಂತ್ರವದು. ಅನಿಲದ ಕಣಗಳಿಗೆ ವಿದ್ಯುದಾವೇಶ ಕೊಟ್ಟು ಅಯಸ್ಕಾಂತದ ನಡುವೆ ಓಡಿಸಿದರೆ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. ಸಾಮಾನ್ಯ ಸಾರಜನಕದ ಅಣುವಿನ ತೂಕ 28. ಒಂದು ಭಾರ ಪರಮಾಣು ಸೇರಿದರೆ 29. ನಿಸರ್ಗದ ಸಾರಜನಕದಲ್ಲಿ ಈ ಭಾರ ಬಗೆ ಶೇಕಡ 0.37ರಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಕಂಡರೆ ಅದು ತಿನ್ನಿಸಿದ ಆಹಾರದಿಂದಲೇ ಬಂದದ್ದು.

ಹೇಳುವುದಕ್ಕೆ ಸುಲಭ. ಇಂದಿನ ಇಂಥ ಯಂತ್ರಗಳು ಒಂದು ಹನಿ ರಕ್ತದಲ್ಲಿ, ಒಂದು ಚೂರು ಅಂಗಾಂಶದಲ್ಲಿ ನೂರಾರು ಚಯಾಪಚಯಜನ್ಯ ಅಣುಗಳನ್ನು ಗುರುತಿಸಬಲ್ಲವು. ಅಂದಿನದು ಸರಳ ಅನಿಲವನ್ನಷ್ಟೇ ತೂಗಬಲ್ಲುದಾಗಿತ್ತು. ಆದ್ದರಿಂದ ಯಕೃತ್ತು, ಮೂತ್ರಪಿಂಡ, ಸ್ನಾಯುಗಳ ಪ್ರೋಟೀನನ್ನು ಒಡೆದು, ಒಂದೊಂದು ಅಮೈನೋ ಆಮ್ಲವನ್ನೂ ಶುದ್ಧ ಹರಳಾಗಿಸಿ, ಅದನ್ನು ಅಮೋನಿಯವಾಗಿಯೂ ಬಳಿಕ ಸಾರಜನಕ ಅನಿಲವಾಗಿಯೂ ಮಾರ್ಪಡಿಸಬೇಕಿತ್ತು. ಯಂತ್ರದ ಕೀರ್ತಿಯಲ್ಲಿ ಅರ್ಧ ಪಾಲು ಆ ಕೈಗೆಲಸಕ್ಕೆ ಸಲ್ಲಬೇಕು. ಸಾರಾ ರಾಟ್ನರ್ ಅವರಂಥ ಸಹೋದ್ಯೋಗಿಗಳಿಗೆ ಕೂಡ.

1939ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ಚಿತ್ರವನ್ನು ಒರೆಸಿಹಾಕಿತು. ಬೆಳವಣಿಗೆ ಮುಗಿದ, ತೂಕ ಬದಲಾಗದ ಇಲಿಗಳಿಗೆ ಗುರುತಿಟ್ಟ ಲ್ಯೂಸಿನ್ ತಿನ್ನಿಸಿದಾಗ, ಮೂತ್ರದಲ್ಲಿ ಹೊರಬಂದದ್ದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ದೇಹದ ಪ್ರೋಟೀನುಗಳಲ್ಲೇ ಸೇರಿಹೋಗಿತ್ತು. ಅಷ್ಟೇ ಅಲ್ಲ, ಆ ಸಾರಜನಕ ಲ್ಯೂಸಿನ್ನಿನಲ್ಲೇ ಉಳಿಯದೆ ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ ಮುಂತಾದ ಇತರ ಅಮೈನೋ ಆಮ್ಲಗಳಿಗೂ ಹಂಚಿಹೋಗಿತ್ತು. ಲೈಸಿನ್ ಎಂಬುದೊಂದು ಮಾತ್ರ ಈ ವಿನಿಮಯಕ್ಕೆ ಒಳಪಡದೆ ದೂರವೇ ಉಳಿಯಿತು.

ಯಂತ್ರ, ಇಂಧನ ಎಂಬ ಭೇದವೇ ಇಲ್ಲದಾಯಿತು. ಮೈಯೆಂಬುದು ಸದಾ ಒಡೆಯುತ್ತ, ಸದಾ ಕಟ್ಟಿಕೊಳ್ಳುತ್ತ ಇರುವ ಹರಿವು. ಎಲ್ಲ ಅಂಗಾಂಶಕ್ಕೂ ಇದು ಒಂದೇ ವೇಗದಲ್ಲಿ ಅನ್ವಯಿಸದು. ಅವರದೇ ಬಳಗದ ಡೇವಿಡ್ ಶೆಮಿನ್ ಸ್ವತಃ 66 ಗ್ರಾಂ ಗುರುತಿಟ್ಟ ಗ್ಲೈಸಿನ್ ಸೇವಿಸಿ, ಕೆಂಪು ರಕ್ತಕಣದೊಳಗಿನ ಹೀಮ್ ಕಣ ಸಾಯುವವರೆಗೆ, ಅಂದರೆ ಸುಮಾರು 120 ದಿನ, ಬದಲಾಗುವುದಿಲ್ಲವೆಂದು 1946ರಲ್ಲಿ ರಿಟೆನ್‌ಬರ್ಗ್ ಜೊತೆ ತೋರಿಸಿದರು. ಈ ತಿದ್ದುಪಡಿಗೆ ಬಳಸಿದ್ದೂ ಶೋನ್‌ಹೈಮರ್ ವಿಧಾನವನ್ನೇ.

ಅದನ್ನು ನೋಡಲು ಅವರಿರಲಿಲ್ಲ. ಆಗಾಗ ಕವಿಯುತ್ತಿದ್ದ ತೀವ್ರ ಖಿನ್ನತೆ ಅವರ ಬೆನ್ನುಬಿಟ್ಟಿರಲಿಲ್ಲ. 1941ರ ಸೆಪ್ಟೆಂಬರ್ 11ರಂದು ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಕಾರಣ ಇಂಥದೇ ಎಂದು ದೇಶಭ್ರಷ್ಟತೆಯನ್ನೋ ಯುದ್ಧವನ್ನೋ ಬೆರಳುಮಾಡಿ ತೋರಿಸುವುದು ಅವಸರದ ಮಾತಾದೀತು. ಹಾರ್ವರ್ಡ್‌ನಲ್ಲಿ ನೀಡಬೇಕಿದ್ದ ಡನ್‌ಹ್ಯಾಂ ಉಪನ್ಯಾಸಗಳ ಹಸ್ತಪ್ರತಿ ಸಿದ್ಧವಾಗಿತ್ತು. ಅದನ್ನು ಕ್ಲಾರ್ಕ್ ಓದಿದರು. ದೇಹದ ಘಟಕಗಳ ಚಲನಶೀಲತೆಯನ್ನು ಶೀರ್ಷಿಕೆಯಲ್ಲೇ ಸಾರುವ ಪುಸ್ತಕವಾಗಿ 1942ರಲ್ಲಿ ಅದು ಹೊರಬಂತು. ಅವರ ಬಳಗದಲ್ಲಿದ್ದ ಕೊನ್ರಾಡ್ ಬ್ಲಾಕ್, ಅವರೂ ಜರ್ಮನಿಯಿಂದ ಓಡಿಬಂದವರೇ, ಕೊಲೆಸ್ಟರಾಲ್ ಅಸಿಟಿಕ್ ಆಮ್ಲದಿಂದ ರೂಪುಗೊಳ್ಳುವ ಬಗೆಯನ್ನು ಸಮಸ್ಥಾನಿಗಳ ನೆರವಿನಿಂದಲೇ ಬಿಡಿಸಿ 1964ರ ನೊಬೆಲ್ ಹಂಚಿಕೊಂಡರು. ಜೀವಕೋಶ ತನ್ನ ಪ್ರೋಟೀನನ್ನು ಆಯ್ದು ಒಡೆಯುವ ಒಂದು ಮುಖ್ಯ ವಿಧಾನವನ್ನು ಕಂಡುಹಿಡಿದವರಿಗೆ ಆ ಗೌರವ ಸಂದದ್ದು 2004ರಲ್ಲಿ.

ವಿನಿಮಯದಿಂದ ದೂರ ಉಳಿದಿದ್ದ ಲೈಸಿನ್ ಬೆಂಗಳೂರಿಗೂ ಬಂತು. ದೇಹ ತಾನು ತಯಾರಿಸಲಾರದ ಈ ಅಮೈನೋ ಆಮ್ಲ ಅಕ್ಕಿ, ಗೋಧಿಗಳಲ್ಲಿ ಕಡಿಮೆ, ಬೇಳೆಯಲ್ಲಿ ಧಾರಾಳ. ವಯಸ್ಕರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 12 ಮಿಲಿಗ್ರಾಂ ಸಾಕೆಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಅಮೆರಿಕದ ವರ್ನನ್ ಯಂಗ್ ಅವರೊಡನೆ ಸೇರಿ ಆರೋಗ್ಯವಂತ ಭಾರತೀಯರಿಗೆ ಇಂಗಾಲ-13 ಗುರುತಿನ ಲ್ಯೂಸಿನ್ ನೀಡಿ, ಉಸಿರಿನ ಇಂಗಾಲದ ಡೈ ಆಕ್ಸೈಡನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆದರು. ಅಗತ್ಯ ಸುಮಾರು 30 ಮಿಲಿಗ್ರಾಂ ಎಂದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯಲ್ಲಿ ಈ ಅಂಕಿಯನ್ನೇ ಅಂಗೀಕರಿಸಿತು.