ತಾಮ್ರದ ತಗಡಿಗೆ ಇಳಿದ ಎರವಲು ಚಿತ್ರ

ಬೇಸಿಗೆಯಲ್ಲಿ ಊರಿನಿಂದ ಬಂಧುಗಳು ಬಂದಾಗ ಬಾಸ್ಟನ್ನಿನ ನಾರ್ತ್ ಎಂಡ್ ಬಡಾವಣೆಗೆ ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿ. ಅಲ್ಲಿ ಕುದುರೆಯೇರಿದ ಪಾಲ್ ರಿವಿಯರ್‌ನ ಪ್ರತಿಮೆಯೆದುರು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. 1775ರ ಏಪ್ರಿಲ್ 18ರ ರಾತ್ರಿ, ಬ್ರಿಟಿಷ್ ಸೈನ್ಯ ಹೊರಟಿತೆಂಬ ಸುದ್ದಿಯನ್ನು ಲೆಕ್ಸಿಂಗ್‌ಟನ್‌ಗೆ ಮುಟ್ಟಿಸಿದ ಸವಾರ ಈತ. ನನಗೆ ಪ್ರಿಯನಾದ ರಿವಿಯರ್ ಮಾತ್ರ ಇಲ್ಲಿನ ಲಲಿತಕಲಾ ವಸ್ತುಸಂಗ್ರಹಾಲಯದ ಗೋಡೆಯ ಮೇಲಿದ್ದಾನೆ. ಜಾನ್ ಸಿಂಗಲ್ಟನ್ ಕಾಪ್ಲಿ 1768ರಲ್ಲಿ ಬರೆದ ಆ ಭಾವಚಿತ್ರದಲ್ಲಿ ಕೋಟು ತೊಡದ ಕಸುಬುದಾರ, ಕೈಯಲ್ಲಿ ಬೆಳ್ಳಿಯ ಚಹಾಪಾತ್ರೆ, ಮೇಜಿನ ಮೇಲೆ ಕೆತ್ತನೆಯ ಉಳಿಗಳು.

ಆತನ ತಂದೆ ಅಪೊಲೊ ರಿವೊಯಿರ್ ಫ್ರಾನ್ಸ್‌ನಿಂದ ಹದಿಮೂರರ ವಯಸ್ಸಿನಲ್ಲಿ ಒಂಟಿಯಾಗಿ ಬಂದು ಬೆಳ್ಳಿ ಅಕ್ಕಸಾಲಿಗನೊಬ್ಬನ ಬಳಿ ಕೆಲಸಕ್ಕೆ ಸೇರಿದವನು. ಇಲ್ಲಿಯವರ ನಾಲಿಗೆಗೆ ಒಗ್ಗಲೆಂದು ಹೆಸರನ್ನು ಪಾಲ್ ರಿವಿಯರ್ ಎಂದು ಬದಲಿಸಿಕೊಂಡ. (ನಮ್ಮವರೂ ಇಲ್ಲಿ ಹೆಸರಿನ ಬಾಲ ಕತ್ತರಿಸಿಕೊಳ್ಳುತ್ತಾರಲ್ಲವೆ?) ಮಗನಿಗೂ ಅದೇ ಹೆಸರು. 1754ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಹತ್ತೊಂಬತ್ತು ವರ್ಷ. ಸಂಸಾರದ ಭಾರ ಅವನ ಮೇಲೆ ಬಿತ್ತು. ಮುಂದೆ ಎರಡು ಮದುವೆಗಳಿಂದ 16 ಮಕ್ಕಳು. 1765ರ ಸುಮಾರಿಗೆ ವ್ಯಾಪಾರ ಕುಸಿದು ಬೆಳ್ಳಿ ಕೊಳ್ಳುವವರು ಕಡಿಮೆಯಾದಾಗ ಆತ ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿ ಅಚ್ಚುಹಾಕಿ ಮಾರಿದ, ಕೃತಕ ಹಲ್ಲು ಕಟ್ಟುವುದನ್ನೂ ಕಲಿತ.

ಕಾಗದದ ಚಿತ್ರವನ್ನು ತಗಡಿಗೆ ಇಳಿಸುವುದೇ ಈ ಕಸುಬಿನ ಮೊದಲ ಕಷ್ಟ. ತಗಡಿನಲ್ಲಿ ಕೆತ್ತಿದ್ದು ಅಚ್ಚಿನಲ್ಲಿ ಎಡಬಲ ತಿರುಗಿ ಬೀಳುವುದರಿಂದ, ತಗಡಿನ ಮೇಲೆ ಚಿತ್ರವನ್ನು ಮೊದಲೇ ತಿರುಗಿಸಿರಬೇಕು. ಆ ಕಾಲದ ಕೆತ್ತನೆಗಾರರು ನಯಗೊಳಿಸಿದ ತಗಡನ್ನು ಬಿಸಿಮಾಡಿ ಮೇಣದ ತೆಳುಪೊರೆ ಬಳಿಯುತ್ತಿದ್ದರು. ಎಣ್ಣೆ ಸವರಿದ ಪಾರದರ್ಶಕ ಕಾಗದದ ಮೇಲೆ ಮೂಲದ ಗೆರೆಗಳನ್ನು ತೆಗೆದುಕೊಂಡು, ಅದನ್ನು ಕವುಚಿ, ಕೆಳಗೆ ಕೆಂಪು ಪುಡಿ ಹಚ್ಚಿದ ಹಾಳೆಯಿಟ್ಟು, ಮೊಂಡು ಸೂಜಿಯಿಂದ ಗೆರೆಗಳನ್ನು ಒತ್ತಿದರೆ ಮೇಣದ ಮೇಲೆ ಚಿತ್ರ ತಿರುಗಿ ಮೂಡುತ್ತಿತ್ತು. ಮಸಿ ಆರದ ಅಚ್ಚುಪ್ರತಿ ಸಿಕ್ಕರೆ ಇನ್ನೂ ಸುಲಭ. ಅದನ್ನೇ ಕವುಚಿ ಒತ್ತಿದರೆ ಮಸಿ ಅಂಟುತ್ತಿತ್ತು. ಆಮೇಲೆ ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ತಗಡನ್ನು ತಿರುಗಿಸುತ್ತ, ಅಂಗೈಯಿಂದ ಉಳಿಯನ್ನು ತಳ್ಳುವ ತಾಳ್ಮೆಯ ಕೆಲಸ.

ಇದನ್ನು ಓದಿದಾಗ ನನಗೆ ಎಂ.ಬಿ.ಬಿ.ಎಸ್. ಮೊದಲ ವರ್ಷದ ಅಂಗರಚನಾಶಾಸ್ತ್ರದ ರೆಕಾರ್ಡ್ ಪುಸ್ತಕ ನೆನಪಾಯಿತು. ನನಗೆ ಚಿತ್ರ ಬರೆಯಲು ಬಾರದು. ಹಾಸ್ಟೆಲಿನ ಗೆಳೆಯ ಇಡೀ ರಾತ್ರಿ ಕುಳಿತು ಬರೆದಿದ್ದ ಭುಜದ ನರಜಾಲದ ಚಿತ್ರವನ್ನು ಎಣ್ಣೆ ಕಾಗದಕ್ಕೆ ಇಳಿಸಿ, ಹಿಂಬದಿಗೆ ಪೆನ್ಸಿಲ್ ಪುಡಿ ಉಜ್ಜಿ ನನ್ನ ಹಾಳೆಗೆ ತೆಗೆದುಕೊಂಡೆ. ಬಣ್ಣ ತುಂಬಿ ಅವನಿಗಿಂತ ಒಂದು ದಿನ ಮೊದಲೇ ಒಪ್ಪಿಸಿದೆ. ಮೇಷ್ಟ್ರು ನನ್ನ ಚಿತ್ರವನ್ನು ತರಗತಿಗೆಲ್ಲ ತೋರಿಸಿ, ಗೆಳೆಯನದನ್ನು ನಕಲು ಎಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ.

1770ರ ಮಾರ್ಚ್ 5ರಂದು ಬಾಸ್ಟನ್ನಿನ ಬೀದಿಯಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಐವರು ಬಲಿಯಾದರು. ಹೆನ್ರಿ ಪೆಲ್‌ಹಮ್ ಎಂಬ ತರುಣ ಕಲಾವಿದ ಆ ದೃಶ್ಯವನ್ನು ಚಿತ್ರಿಸಿದ. ಈತ ರಿವಿಯರ್‌ನ ಭಾವಚಿತ್ರ ಬರೆದ ಕಾಪ್ಲಿಯ ಮಲತಮ್ಮ. ಅವನ ಚಿತ್ರ ರಿವಿಯರ್‌ನ ಕೈಸೇರಿತು. ಮೂರೇ ವಾರಗಳಲ್ಲಿ ರಿವಿಯರ್‌ನ ಅಚ್ಚುಚಿತ್ರ ಮಾರಾಟಕ್ಕೆ ಬಂತು. ಕೆಳಗಿದ್ದದ್ದು ರಿವಿಯರ್‌ನ ಹೆಸರೊಂದೇ. ಪೆಲ್‌ಹಮ್‌ನ ಅಚ್ಚು ಬರುವಷ್ಟರಲ್ಲಿ ಮಾರುಕಟ್ಟೆ ಕೈತಪ್ಪಿತ್ತು. ಹಾಡಹಗಲೇ ದಾರಿಯಲ್ಲಿ ದೋಚಿಸಿಕೊಂಡವನ ಸಂಕಟವನ್ನು ಆತ ಮಾರ್ಚ್ 29ರಂದು ರಿವಿಯರ್‌ಗೆ ಪತ್ರದಲ್ಲಿ ತೋಡಿಕೊಂಡ. ಪರರ ಚಿತ್ರ ನೋಡಿ ಕೆತ್ತುವುದು ಆಗ ಸಾಮಾನ್ಯವಾಗಿತ್ತು, ನಿಜ. ಆದರೆ ನಂಬಿ ಕೊಟ್ಟವನಿಗಿಂತ ಮೊದಲೇ ಮಾರಿದ್ದನ್ನು ಆ ರೂಢಿಯ ಲೆಕ್ಕಕ್ಕೆ ಬರೆಯಲು ನನ್ನಿಂದಾಗದು.

ಚಿತ್ರವಾದರೂ ಸತ್ಯವಾಗಿತ್ತೆ? ಗದ್ದಲದ ನಡುವೆ ಹಾರಿದ ಗುಂಡುಗಳು ಇಲ್ಲಿ ಅಧಿಕಾರಿಯ ಆಜ್ಞೆಯಂತೆ ಸಾಲಾಗಿ ಹಾರುತ್ತವೆ. ಹಿಂದಿನ ಸುಂಕದ ಕಟ್ಟಡಕ್ಕೆ ಕಟುಕರ ಮನೆಯೆಂಬ ಫಲಕ. ಆದರೂ ವಸಾಹತುಗಳ ರೋಷಕ್ಕೆ ಮುಖ ಕೊಟ್ಟದ್ದು ಈ ತಗಡೇ.

ವೈದ್ಯನಾದ ನಾನು ಆತನನ್ನು ದ್ವೇಷಿಸಲಾರೆ. ಆ ರಾತ್ರಿ ಅವನನ್ನು ಕುದುರೆಯೇರಿಸಿ ಕಳುಹಿಸಿದ ಗೆಳೆಯ, ವೈದ್ಯ ಜೋಸೆಫ್ ವಾರನ್, 1775ರ ಜೂನ್ 17ರಂದು ಬಂಕರ್ ಹಿಲ್ ಯುದ್ಧದಲ್ಲಿ ಸತ್ತ. ಮರುವರ್ಷ ಗೋರಿ ಅಗೆದಾಗ ಗುರುತು ಸಿಗದ ಆ ದೇಹವನ್ನು ರಿವಿಯರ್ ತಾನೇ ತಂತಿಯಿಂದ ಕಟ್ಟಿದ್ದ ಕೃತಕ ಹಲ್ಲಿನಿಂದ ಗುರುತಿಸಿದ. ಯುದ್ಧಕಾಲದಲ್ಲಿ ಹಾರ್ವರ್ಡ್ ಕಾಲೇಜಿನ ದೃಶ್ಯ ಕೆತ್ತಿದ್ದ ತಗಡನ್ನು ಕತ್ತರಿಸಿ, ಅದರ ಬೆನ್ನಿನ ಮೇಲೆ ಪ್ರಾಂತ್ಯದ ಕಾಗದದ ಹಣ ಕೆತ್ತಿದ. 1801ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ತಾಮ್ರವನ್ನು ತಗಡಾಗಿಸುವ ಕಾರ್ಖಾನೆ ತೆರೆದು, 1818ರಲ್ಲಿ 83ನೆಯ ವಯಸ್ಸಿನಲ್ಲಿ ತೀರಿಕೊಂಡ. ಬ್ರಿಟಿಷ್ ಪಕ್ಷಪಾತಿಯಾದ ಪೆಲ್‌ಹಮ್ ಆ ವೇಳೆಗೆ ಊರು ಬಿಟ್ಟು, ಐರ್ಲೆಂಡಿನಲ್ಲಿ ಸತ್ತು ಎಷ್ಟೋ ವರ್ಷಗಳಾಗಿದ್ದವು.

ಕಳೆದ ತಿಂಗಳು ಆ ಹಾಸ್ಟೆಲ್ ಗೆಳೆಯನಿಗೆ ಫೋನ್ ಮಾಡಿದೆ. ಈಗ ಅವನು ತಾಲ್ಲೂಕು ಕೇಂದ್ರವೊಂದರಲ್ಲಿ ಮೂಳೆ ವೈದ್ಯ. ಚಿತ್ರದ ವಿಷಯ ಎತ್ತಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ನರಗಳ ಬಣ್ಣವನ್ನು ನಾನು ತಪ್ಪಾಗಿ ತುಂಬಿದ್ದೆನೆಂದು ನೆನಪಿಸಿದ.