ಅಣ್ಣನ ಅಗಲಿಕೆಗೆ ದನಿಯಾದ ಗಿಟಾರ್: ಮೆಟಾಲಿಕಾ ತಂಡದ ಕ್ಲಿಫ್ ಬರ್ಟನ್

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ತಲೆ ಕೊಡವುತ್ತಾ ಹೆವಿ ಮೆಟಲ್ ಕೇಳುವ ಹುಡುಗರನ್ನು ಕಂಡರೆ ಮನೆಯ ಹಿರಿಯರಿಗೆ ಗಾಬರಿಯಾಗುವುದು ಸಹಜ. ಹಾಡೆಂದರೆ ಇಂಪಾಗಿರಬೇಕು, ಇದೆಂಥ ಅರಚಾಟ ಎಂಬುದು ಅವರ ದೂರು. ಆದರೆ ಈ ಅರಚಾಟದಲ್ಲೇ ಜಗತ್ತಿನ ಲಕ್ಷಾಂತರ ಮಂದಿ ನೆಮ್ಮದಿ ಕಂಡುಕೊಂಡಿದ್ದಾರೆ ಎಂಬುದೂ ಸುಳ್ಳಲ್ಲ. ಅದು ಹೇಗೆಂದು ತಿಳಿಯಲು ಅಮೆರಿಕದ ಮೆಟಾಲಿಕಾ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ಅವರ ಬದುಕನ್ನು ನೋಡಬೇಕು. ಅವರು ಬದುಕಿದ್ದು 24 ವರ್ಷ ಮಾತ್ರ. ತೀರಿಕೊಂಡದ್ದು 1986ರಲ್ಲಿ. ಆದರೂ ಹೆವಿ ಮೆಟಲ್ ಕೇಳುವವರ ನಡುವೆ ಆ ಹೆಸರಿಗೆ ಇಂದಿಗೂ ಗೌರವ ಕಡಿಮೆಯಾಗಿಲ್ಲ.

ಕಾರ್ಖಾನೆ ಊರಿನ ಸಂಗೀತ

ಹೆವಿ ಮೆಟಲ್ ಬೆಳೆದದ್ದು ದುಡಿಯುವವರ ಊರಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ಹುಡುಗರು ಕಟ್ಟಿದ ಬ್ಲ್ಯಾಕ್ ಸಬಾತ್ ತಂಡ 1970ರಲ್ಲಿ ಹೊರತಂದ ಮೊದಲ ಆಲ್ಬಂ ಈ ಸಂಗೀತದ ಆರಂಭ ಎಂದು ಬಹುತೇಕರು ಒಪ್ಪುತ್ತಾರೆ. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಮತ್ತೆ ಗಿಟಾರ್ ಹಿಡಿದರು. ಮುಂದೆ ಬೆರಳಿಗೆ ನೋವಾಗದಂತೆ ತಂತಿಗಳನ್ನು ಸಡಿಲಿಸಿ ನುಡಿಸತೊಡಗಿದರು. ತಂತಿ ಸಡಿಲಾದಾಗ ನಾದ ಕೆಳಕ್ಕಿಳಿದು ಭಾರವಾಯಿತು. ಆ ಭಾರವೇ ಮುಂದೆ ಈ ಸಂಗೀತದ ಗುರುತಾಯಿತು.

ಜಾತ್ರೆಯಲ್ಲಿ ಚೆಂಡೆಯ ಎದುರೋ ಹಲಗೆಯ ಎದುರೋ ನಿಂತವರಿಗೆ ಈ ಅನುಭವ ಹೊಸದೇನಲ್ಲ. ಅಲ್ಲಿ ಸದ್ದು ಕಿವಿಗೆ ಮಾತ್ರ ಕೇಳಿಸುವುದಿಲ್ಲ, ಎದೆಗೂ ಬಡಿಯುತ್ತದೆ. ಹೆವಿ ಮೆಟಲ್‌ನಲ್ಲಿ ಈ ಕೆಲಸವನ್ನು ಡ್ರಮ್ಸ್ ಜೊತೆಗೆ ಬೇಸ್ ಗಿಟಾರ್ ಮಾಡುತ್ತದೆ. ಸಾಮಾನ್ಯವಾಗಿ ದಪ್ಪನೆಯ ನಾಲ್ಕು ತಂತಿಗಳಿರುವ ಈ ವಾದ್ಯವನ್ನು ನುಡಿಸುವವರು ಹೆಚ್ಚಾಗಿ ಹಿಂದೆ ನಿಂತು ಉಳಿದವರಿಗೆ ಆಧಾರವಾಗಿರುತ್ತಾರೆ. ಅದನ್ನು ಮುಂದಕ್ಕೆ ತಂದವರಲ್ಲಿ ಕ್ಲಿಫ್ ಬರ್ಟನ್ ಪ್ರಮುಖರು.

ಅಣ್ಣನ ಸಾವು

ಕ್ಲಿಫ್ ಬರ್ಟನ್ ಹುಟ್ಟಿದ್ದು 1962ರ ಫೆಬ್ರವರಿ 10ರಂದು, ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ತಂದೆ ರೇ, ತಾಯಿ ಜಾನ್. ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊಗೆ ಸಮೀಪದ ಕ್ಯಾಸ್ಟ್ರೊ ವ್ಯಾಲಿಯಲ್ಲಿ. ಚಿಕ್ಕಂದಿನಲ್ಲಿ ಪಿಯಾನೊ ಪಾಠಕ್ಕೆ ಹೋಗುತ್ತಿದ್ದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪರಿಚಯ ಅವರಿಗೆ ಹೀಗೆ ಎಳವೆಯಲ್ಲೇ ಆಯಿತು.

1975ರಲ್ಲಿ ಮನೆಗೆ ಸಿಡಿಲೆರಗಿತು. ಕ್ಲಿಫ್ ಅವರ ಅಣ್ಣ ಸ್ಕಾಟ್ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡರು. ಆಗ ಕ್ಲಿಫ್ ಅವರಿಗೆ 13 ವರ್ಷ. ಆ ಬಳಿಕವೇ ಹುಡುಗ ಬೇಸ್ ಗಿಟಾರ್ ಕಲಿಕೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು. ಅಣ್ಣನ ಸಲುವಾಗಿ ತಾನು ಅತ್ಯುತ್ತಮ ಬೇಸ್ ವಾದಕನಾಗುತ್ತೇನೆ ಎಂದು ಮಗ ಹೇಳಿದ್ದನ್ನು ಹೆತ್ತವರು ಮುಂದೆ ನೆನಪಿಸಿಕೊಂಡಿದ್ದಾರೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಅಭ್ಯಾಸ ನಡೆಯುತ್ತಿತ್ತು. ಹೆಸರು ಬಂದ ಮೇಲೂ ಅದು ನಿಲ್ಲಲಿಲ್ಲ. ಗುರುಗಳ ಬಳಿ ಪಾಠ ಹೇಳಿಸಿಕೊಂಡರು, ಜರ್ಮನಿಯ ಹಳೆಯ ಕಾಲದ ಸಂಗೀತಕಾರ ಬಾಖ್ ಅವರ ರಚನೆಗಳನ್ನು ಅಭ್ಯಾಸ ಮಾಡಿದರು, ಜಾಝ್ ವಾದಕರ ಕೈಚಳಕವನ್ನೂ ಗಮನಿಸಿದರು. ಹೊರಗಿನವರಿಗೆ ಗದ್ದಲವೆಂದು ತೋರುವ ಸಂಗೀತದ ಹಿಂದೆ ಇಷ್ಟೊಂದು ಸಾಧನೆ ಇತ್ತು.

ವಾದಕನಿಗಾಗಿ ಊರು ಬಿಟ್ಟ ತಂಡ

1982ರಲ್ಲಿ ಬರ್ಟನ್ ಟ್ರಾಮಾ ಎಂಬ ತಂಡ ಸೇರಿದರು. ಲಾಸ್ ಏಂಜಲಿಸ್‌ನಲ್ಲಿ ಆ ತಂಡದ ಕಾರ್ಯಕ್ರಮ ನಡೆದಾಗ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಲಾರ್ಸ್ ಉಲ್ರಿಚ್ ಎಂಬ ಇಬ್ಬರು ಯುವಕರು ಕೇಳಲು ಬಂದಿದ್ದರು. ಅದರ ಹಿಂದಿನ ವರ್ಷವಷ್ಟೇ ಅವರು ಮೆಟಾಲಿಕಾ ತಂಡ ಕಟ್ಟಿದ್ದರು. ಕಾರ್ಯಕ್ರಮದ ನಡುವೆ ಬಿರುಸಿನ ವಾದನವೊಂದು ಕೇಳಿಬಂತು. ಅದನ್ನು ಯಾವ ಗಿಟಾರ್ ವಾದಕ ನುಡಿಸುತ್ತಿದ್ದಾನೆಂದು ಹುಡುಕಿದರೆ, ಕೆಂಪುಕೂದಲ ಹುಡುಗನೊಬ್ಬ ಬೇಸ್ ಗಿಟಾರಿನಲ್ಲಿ ನುಡಿಸುತ್ತಿದ್ದ. ಇಬ್ಬರೂ ಬೆರಗಾದರು.

ಅವರು ಬರ್ಟನ್ ಅವರನ್ನು ತಮ್ಮ ತಂಡಕ್ಕೆ ಕರೆದರು. ಆದರೆ ಬರ್ಟನ್‌ಗೆ ತನ್ನ ಸೀಮೆ ಬಿಟ್ಟು ಲಾಸ್ ಏಂಜಲಿಸ್‌ಗೆ ಹೋಗುವ ಮನಸ್ಸಿರಲಿಲ್ಲ. ತಂಡವೇ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬರುವುದಾದರೆ ಸೇರುವೆ ಎಂದರು. 1983ರ ಆರಂಭದಲ್ಲಿ ಮೆಟಾಲಿಕಾ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಬಂತು. ಒಬ್ಬ ಬೇಸ್ ವಾದಕನಿಗಾಗಿ ಇಡೀ ತಂಡ ಊರು ಬದಲಿಸಿದ್ದು ವಿಶೇಷ.

ಆ ವರ್ಷದ ಜುಲೈಯಲ್ಲಿ ಮೊದಲ ಆಲ್ಬಂ 'ಕಿಲ್ ಎಮ್ ಆಲ್' ಹೊರಬಂತು. ಅದರಲ್ಲಿ ಬರ್ಟನ್ ಅವರ ಬೇಸ್ ವಾದನಕ್ಕೆಂದೇ ಒಂದು ಭಾಗ ಮೀಸಲಾಗಿತ್ತು. 1984ರಲ್ಲಿ 'ರೈಡ್ ದಿ ಲೈಟ್ನಿಂಗ್', 1986ರ ಮಾರ್ಚ್‌ನಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಬಂದವು. ಸ್ವರಗಳನ್ನು ಒಂದರ ಮೇಲೊಂದು ಹೊಂದಿಸುವ ಶಾಸ್ತ್ರವನ್ನು ತಂಡದವರು ಬರ್ಟನ್ ಅವರಿಂದಲೇ ಕಲಿತರು. ಮಾದಕ ವಸ್ತುವಿನ ಚಟ, ಯುದ್ಧದಲ್ಲಿ ಸಾಯುವ ಸೈನಿಕ, ಮರಣದಂಡನೆಗೆ ಕಾದಿರುವ ಕೈದಿ ಈ ಹಾಡುಗಳ ವಸ್ತುಗಳಾಗಿದ್ದವು. ಎಲ್ಲರೂ ಮಾತನಾಡಲು ಹಿಂಜರಿಯುವ ವಿಷಯಗಳನ್ನು ನೇರವಾಗಿ ಹೇಳಿದ್ದು ಯುವಕರನ್ನು ಸೆಳೆಯಿತು.

ನೋವಿನ ಹಾಡು, ಕೇಳುಗರ ಪತ್ರ

'ರೈಡ್ ದಿ ಲೈಟ್ನಿಂಗ್' ಆಲ್ಬಂನಲ್ಲಿ 'ಫೇಡ್ ಟು ಬ್ಲ್ಯಾಕ್' ಎಂಬ ಹಾಡಿದೆ. 1984ರ ಆರಂಭದಲ್ಲಿ ಬಾಸ್ಟನ್ ನಗರದಲ್ಲಿ ತಂಡದ ವಾದ್ಯೋಪಕರಣಗಳು ಕಳವಾದವು. ಕೈಯಲ್ಲಿ ಕಾಸಿಲ್ಲ, ಇರಲು ಸ್ವಂತ ನೆಲೆಯಿಲ್ಲ. ಹಾಡುಗಾರ ಹೆಟ್‌ಫೀಲ್ಡ್ 16ನೇ ವಯಸ್ಸಿನಲ್ಲೇ ಕ್ಯಾನ್ಸರ್‌ನಿಂದ ತಾಯಿಯನ್ನು ಕಳೆದುಕೊಂಡವರು. ಆ ದಿನಗಳ ಹತಾಶೆಯಲ್ಲಿ ಬದುಕೇ ಬೇಡವೆನಿಸಿದ ಮನಸ್ಸಿನ ಕುರಿತು ಈ ಹಾಡು ಹುಟ್ಟಿತು. ಇದು ಹುಡುಗರನ್ನು ಕೆಟ್ಟ ದಾರಿಗೆ ಎಳೆಯುತ್ತದೆ ಎಂಬ ಟೀಕೆ ಬಂತು. 1985ರಲ್ಲಿ ಅಮೆರಿಕದ ಸೆನೆಟ್‌ನಲ್ಲೇ ಇಂಥ ಸಂಗೀತದ ಬಗ್ಗೆ ವಿಚಾರಣೆ ನಡೆಯಿತು. ಆದರೆ ತಂಡಕ್ಕೆ ಬಂದ ಪತ್ರಗಳು ಬೇರೆಯದನ್ನೇ ಹೇಳಿದವು. ತಮ್ಮಂತೆಯೇ ನೊಂದವರು ಇನ್ನೊಬ್ಬರಿದ್ದಾರೆ ಎಂದು ತಿಳಿದು ಬದುಕುವ ಧೈರ್ಯ ಬಂತು ಎಂದು ಅನೇಕ ಕೇಳುಗರು ಬರೆದಿದ್ದರು.

ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಸಂಗೀತವನ್ನು ಇಷ್ಟಪಡುವ 39 ಮಂದಿಗೆ ಮೊದಲು ಸಿಟ್ಟು ಬರುವಂಥ ಘಟನೆಗಳನ್ನು ನೆನಪಿಸಲಾಯಿತು. ಬಳಿಕ ತಮಗಿಷ್ಟವಾದ ಹಾಡು ಕೇಳಿದವರ ಸಿಟ್ಟು ಹೆಚ್ಚಲಿಲ್ಲ, ಇಳಿಯಿತು. ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಏಡ್ರಿಯನ್ ನಾರ್ತ್ 2008ರಲ್ಲಿ ಪ್ರಕಟಿಸಿದ, 36,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನದಲ್ಲಿ ಹೆವಿ ಮೆಟಲ್ ಕೇಳುಗರ ಸ್ವಭಾವ ಶಾಸ್ತ್ರೀಯ ಸಂಗೀತ ಕೇಳುಗರ ಸ್ವಭಾವವನ್ನು ಬಹಳ ಮಟ್ಟಿಗೆ ಹೋಲುವುದು ಕಂಡುಬಂತು. ಇಬ್ಬರೂ ಸೃಜನಶೀಲರು, ಹೆಚ್ಚಾಗಿ ಮೌನಿಗಳು. ಬಾಖ್ ಅವರನ್ನು ಓದಿ ಮೆಟಾಲಿಕಾದಲ್ಲಿ ನುಡಿಸಿದ ಬರ್ಟನ್ ಇದಕ್ಕೆ ಒಳ್ಳೆಯ ಉದಾಹರಣೆ.

ಸ್ವೀಡನ್ ರಸ್ತೆಯಲ್ಲಿ ಕೊನೆ

1986ರ ಸೆಪ್ಟೆಂಬರ್ 26ರಂದು ಸ್ವೀಡನ್‌ನ ಸ್ಟಾಕ್‌ಹೋಮ್ ಬಳಿ ತಂಡದ ಕಾರ್ಯಕ್ರಮ ನಡೆಯಿತು. ಅಂದು ರಾತ್ರಿ ತಂಡ ಬಸ್ಸಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಕಡೆಗೆ ಹೊರಟಿತು. ಬಸ್ಸಿನಲ್ಲಿ ಯಾರು ಎಲ್ಲಿ ಮಲಗಬೇಕೆಂದು ತೀರ್ಮಾನಿಸಲು ಇಸ್ಪೀಟು ಎಲೆ ಎಳೆದರು. ಗೆದ್ದ ಬರ್ಟನ್, ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಅವರ ಜಾಗ ಆರಿಸಿಕೊಂಡರು. 27ರ ಮುಂಜಾನೆ ಡೊರಾರ್ಪ್ ಎಂಬ ಹಳ್ಳಿಯ ಬಳಿ ಬಸ್ಸು ರಸ್ತೆಯಿಂದ ಜಾರಿ ಮಗುಚಿತು. ಕಿಟಕಿಯಿಂದ ಹೊರಕ್ಕೆ ಎಸೆಯಲ್ಪಟ್ಟ ಬರ್ಟನ್ ಮೇಲೆ ಬಸ್ಸು ಬಿದ್ದು ಅವರು ಮೃತಪಟ್ಟರು. ಉಳಿದ ಮೂವರೂ ಬದುಕುಳಿದರು. ರಸ್ತೆಯ ಮೇಲಿನ ಮಂಜುಗಡ್ಡೆಯಿಂದ ಅಪಘಾತವಾಯಿತೆಂದು ಚಾಲಕ ಹೇಳಿದರು. ಹೆಟ್‌ಫೀಲ್ಡ್ ಆ ಚಳಿಯಲ್ಲೇ ಮಂಜುಗಡ್ಡೆ ಹುಡುಕುತ್ತಾ ರಸ್ತೆಯುದ್ದಕ್ಕೂ ನಡೆದರಂತೆ, ಅವರಿಗೆ ಕಾಣಲಿಲ್ಲ. ತನಿಖೆಯ ಬಳಿಕ ಚಾಲಕನ ಮೇಲೆ ಯಾವುದೇ ಆರೋಪ ಉಳಿಯಲಿಲ್ಲ.

ಅಂತ್ಯಸಂಸ್ಕಾರದ ವೇಳೆ, ಬರ್ಟನ್ ಅವರ ಕೈವಾಡ ಹೆಚ್ಚಾಗಿದ್ದ 'ಓರಿಯನ್' ಎಂಬ ವಾದ್ಯ ರಚನೆಯನ್ನು ಕೇಳಿಸಲಾಯಿತು. ಅದರಲ್ಲಿ ಹಾಡಿನ ಸಾಲುಗಳೇ ಇಲ್ಲ. ಅವರು ಬಿಟ್ಟುಹೋದ ಸಂಗೀತದ ತುಣುಕುಗಳನ್ನು ಸೇರಿಸಿ ತಂಡ 1988ರ ಆಲ್ಬಂನಲ್ಲಿ ದೀರ್ಘ ರಚನೆಯೊಂದನ್ನು ಅರ್ಪಿಸಿತು.

ಹಾಗೆಂದು ಸಂಗೀತವೊಂದೇ ಎಲ್ಲ ಗಾಯಕ್ಕೂ ಮದ್ದಾಗಲಿಲ್ಲ. ಗೆಳೆಯ ಹೋದ ಕೆಲವೇ ವಾರಗಳಲ್ಲಿ ಹೊಸ ವಾದಕ ಜೇಸನ್ ನ್ಯೂಸ್ಟೆಡ್ ಅವರನ್ನು ಸೇರಿಸಿಕೊಂಡು ತಂಡ ಮತ್ತೆ ಪ್ರವಾಸ ಹೊರಟಿತು. ಸರಿಯಾಗಿ ಅಳಲೂ ಪುರುಸೊತ್ತಿರಲಿಲ್ಲ. ದುಃಖವನ್ನು ಕುಡಿತದಲ್ಲಿ ಮುಳುಗಿಸಿದೆವು, ಸಿಟ್ಟನ್ನು ಹೊಸಬನ ಮೇಲೆ ತೀರಿಸಿಕೊಂಡೆವು ಎಂದು ಅವರೇ ಮುಂದೆ ಒಪ್ಪಿಕೊಂಡರು. 1988ರ ಆ ಆಲ್ಬಂನಲ್ಲಿ ನ್ಯೂಸ್ಟೆಡ್ ಅವರ ಬೇಸ್ ಗಿಟಾರ್ ಕೇಳಿಸುವುದೇ ಕಷ್ಟ. 2001ರಲ್ಲಿ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಬೇಕಾಯಿತು. ಹಾಡು ನೋವನ್ನು ಹೊರಹಾಕಬಲ್ಲದು, ಆದರೆ ಪಕ್ಕದಲ್ಲಿ ಕೂತು ಕೇಳುವ ಮನುಷ್ಯರೂ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಮಗನ ಹೆಸರು ಉಳಿಸಿದ ತಂದೆ

2006ರಲ್ಲಿ ಅಪಘಾತದ ಸ್ಥಳದ ಸಮೀಪ ಸ್ಮಾರಕ ಶಿಲೆ ಸ್ಥಾಪನೆಯಾಯಿತು. 2009ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಮೆಟಾಲಿಕಾಗೆ ಸಂದಾಗ ಕ್ಲಿಫ್ ಪರವಾಗಿ ತಂದೆ ರೇ ಬರ್ಟನ್ ಅದನ್ನು ಸ್ವೀಕರಿಸಿದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಭಾರತದಲ್ಲಿ ತನ್ನ ಮೊದಲ ಕಾರ್ಯಕ್ರಮ ನೀಡಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ಕೇಳಲು ಸೇರಿದ ಸಾವಿರಾರು ಯುವಕರಲ್ಲಿ ಬರ್ಟನ್ ತೀರಿಕೊಂಡ ಮೇಲೆ ಹುಟ್ಟಿದವರು ಬಹಳ ಮಂದಿ ಇದ್ದರು.

ಎರಡು ಗಂಡುಮಕ್ಕಳನ್ನೂ ಕಳೆದುಕೊಂಡ ರೇ ಬರ್ಟನ್ ಕಹಿಯಾಗಿ ಉಳಿಯಲಿಲ್ಲ. ಮೆಟಾಲಿಕಾದ ಕಾರ್ಯಕ್ರಮಗಳಿಗೆ ಹೋಗಿ ಮಗನ ಅಭಿಮಾನಿಗಳ ಜೊತೆ ಬೆರೆಯುತ್ತಿದ್ದರು. ಮಗನ ಹಾಡುಗಳಿಂದ ಬರುವ ಗೌರವಧನವನ್ನು ಮಗ ಓದಿದ ಕ್ಯಾಸ್ಟ್ರೊ ವ್ಯಾಲಿ ಹೈಸ್ಕೂಲಿನಲ್ಲಿ ಸಂಗೀತ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿದ್ದರು. 2020ರಲ್ಲಿ, 94ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅಣ್ಣನಿಗಾಗಿ ತಮ್ಮ ಹಿಡಿದ ಗಿಟಾರ್, ಹೀಗೆ ಯಾರದೋ ಮನೆಯ ಮಕ್ಕಳ ಪಾಠಕ್ಕೂ ನೆರವಾಯಿತು.