ಬರಿಗೈಯಿಂದ ಅರಮನೆಗೆ: ಇಂಗ್ಲೆಂಡಿಗೆ ‘ಶಾಂಪೂ’ ಕಲಿಸಿದ ಪಟ್ನಾದ ದೀನ್ ಮಹಮ್ಮದ್

ಶಾಂಪೂ ಎಂದರೆ ಇಂದು ತಲೆಗೂದಲು ತೊಳೆಯುವ ದ್ರವ. ಆದರೆ ಈ ಪದ ಹುಟ್ಟಿದ್ದು ಒತ್ತುವುದು, ನೀವುವುದು ಎಂಬ ಅರ್ಥದ ಹಿಂದಿಯ ‘ಚಾಂಪೋ’ದಿಂದ. ಇಂಗ್ಲೆಂಡಿನಲ್ಲಿ ಇದನ್ನು ಮನೆಮಾತಾಗಿಸಿದವರು ಶೇಖ್ ದೀನ್ ಮಹಮ್ಮದ್.

1759ರಲ್ಲಿ ಪಟ್ನಾದಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿದರು. 1784ರಲ್ಲಿ ಐರ್ಲೆಂಡಿಗೆ ತೆರಳಿ, ಅಲ್ಲಿನ ಜೇನ್ ಡೇಲಿ ಅವರನ್ನು ಮದುವೆಯಾದರು. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಅಡುಗೆಯ ಹೋಟೆಲ್ ತೆರೆದರು. 1812ರಲ್ಲಿ ದಿವಾಳಿಯಾದರು. ಆಗ ಅವರಿಗೆ 50 ದಾಟಿತ್ತು.

ಕುಟುಂಬದೊಂದಿಗೆ ಕಡಲತೀರದ ಬ್ರೈಟನ್‌ಗೆ ಬಂದ ಅವರು ಅಲ್ಲಿ ಸ್ನಾನಗೃಹ ಆರಂಭಿಸಿದರು. ಗಿಡಮೂಲಿಕೆಗಳ ಹಬೆಯಲ್ಲಿ ಮೈ ಬೆವರಿದ ಬಳಿಕ ಬಟ್ಟೆಯ ಗುಡಾರದೊಳಗೆ ಕೈ ತೂರಿಸಿ ಮಾಲೀಸು ಮಾಡುವುದು ಅವರ ಕ್ರಮ. ಬಿಗಿದ ಸ್ನಾಯು, ಕೀಲುನೋವಿನವರಿಗೆ ಇದು ಹಿತ ನೀಡಿತು. ಚೇತರಿಸಿಕೊಂಡವರು ಬಿಟ್ಟುಹೋದ ಊರುಗೋಲುಗಳನ್ನು ಅಲ್ಲೇ ಪ್ರದರ್ಶನಕ್ಕಿಡಲಾಗಿತ್ತು. ದೊರೆಗಳಾದ ನಾಲ್ಕನೇ ಜಾರ್ಜ್ ಮತ್ತು ನಾಲ್ಕನೇ ವಿಲಿಯಂ ಅವರಿಗೂ ದೀನ್ ಅಧಿಕೃತ ಮಾಲೀಸು ಚಿಕಿತ್ಸಕರಾದರು.

1822ರಲ್ಲಿ ಈ ಚಿಕಿತ್ಸೆಯ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. 1851ರಲ್ಲಿ ಬ್ರೈಟನ್‌ನಲ್ಲೇ ನಿಧನರಾದರು. ಮುಂದೆ ಶಾಂಪೂ ಪದಕ್ಕೆ ತಲೆ ತೊಳೆಯುವ ಅರ್ಥ ಅಂಟಿತು. ಮಾಲೀಸಿನ ಅರ್ಥ ಮರೆಯಾಯಿತು.